ಬತ್ತಿದ ಬೋರ್‌ಗೆ ಹಾಸುಬಂಡೆಯ ನೀರು: ಒಂದು ಇಂಗುಗುಂಡಿಯನ್ನು ಎರಡು ಸಲ ಕಟ್ಟಿದ ಲೆಕ್ಕ

2022ರ ಅಕ್ಟೋಬರ್ ತಿಂಗಳ ಒಂದು ಸಾಲು ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ: "ಗುಂಡಿ ತುಂಬಿ 12 ದಿನ. ನೀರು ಇಳಿದಿಲ್ಲ. ಮೇಲೆ ಪಾಚಿ ಕಟ್ಟಿದೆ. ಎರಡನೇ ಬೋರ್‌ನಲ್ಲಿ ನೀರು ಕೆಂಪಗೆ ಬರ್ತಿದೆ."

ಮಳೆ ನೀರನ್ನು ಬತ್ತಿದ ಬೋರ್ (ಕೊಳವೆಬಾವಿ) ಮೂಲಕ ನೆಲದೊಳಗೆ ಇಳಿಸಲು, ಅದಕ್ಕೂ ಆರು ತಿಂಗಳ ಹಿಂದೆ ಸುಮಾರು 48 ಸಾವಿರ ರೂಪಾಯಿ ಹಾಕಿ ಕಟ್ಟಿದ ಗುಂಡಿ ಅದು. ಕಟ್ಟಿದ್ದರಲ್ಲಿ ಏನು ತಪ್ಪಾಯಿತು, ಅದನ್ನು ಹೇಗೆ ಸರಿ ಮಾಡಿದೆ, ಮೂರು ವರ್ಷ ಅಳತೆ ಮಾಡಿ ಏನು ಕಂಡೆ, ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಬೋರ್ ಮರುಪೂರಣ ಮಾಡಬೇಕು ಅಂತ ಜೆಸಿಬಿಗೆ ಫೋನ್ ಮಾಡಲು ಹೊರಟಿರುವವರು ಒಂದು ಗಳಿಗೆ ನಿಂತು ಓದಲಿ ಅನ್ನೋದು ನನ್ನ ಆಸೆ.

ಮೊದಲು ಜಾಗದ ವಿಚಾರ. ನಮ್ಮ ಹೊಲ ಮಧುಗಿರಿ ತಾಲ್ಲೂಕಿನಲ್ಲಿದೆ. ನಾಲ್ಕೂವರೆ ಎಕರೆ. ಒಂದೂವರೆ ಎಕರೆ ತೆಂಗು, ಅದರ ನಡುವೆ ಸ್ವಲ್ಪ ಅಡಿಕೆ, ಉಳಿದದ್ದರಲ್ಲಿ ರಾಗಿ, ಕಡ್ಲೆಕಾಯಿ. ವರ್ಷದ ಮಳೆ ಸುಮಾರು 600 ಮಿಲಿಮೀಟರ್ ಅಂತ ಇಟ್ಟುಕೊಂಡು ನಾನು ಲೆಕ್ಕ ಹಾಕುತ್ತೇನೆ. ಮೇಲೆ ಕೆಂಪು ಮಣ್ಣು. ಅದರ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವಂಥ ಮೆತ್ತಗಿನ ಕಲ್ಲು. ಅದೂ ಮುಗಿದ ಮೇಲೆ ಗಟ್ಟಿ ಬಂಡೆ. ಗಟ್ಟಿ ಬಂಡೆಯಲ್ಲಿ ನೀರು ಇರೋದು ಬಿರುಕುಗಳಲ್ಲಿ ಮಾತ್ರ. ನೆಲದ ಕೆಳಗೆ ನದಿ ಹರಿಯುತ್ತೆ ಅಂತ ಬಹಳ ಜನ ಇನ್ನೂ ನಂಬಿದ್ದಾರೆ. ನಮ್ಮ ಕಡೆ ಹಾಗಿಲ್ಲ. ಮೆತ್ತಗಿನ ಕಲ್ಲಿನ ಪದರ ನೀರನ್ನು ಹಿಡಿದು ಇಟ್ಟುಕೊಳ್ಳುತ್ತೆ, ಬಿರುಕುಗಳು ಅದನ್ನು ಅಲ್ಲಿಂದ ಇಲ್ಲಿಗೆ ದಾಟಿಸುತ್ತವೆ. ನಮ್ಮ ತಾತನ ಕಾಲದ ತೆರೆದ ಬಾವಿಗಳೆಲ್ಲ ಆ ಮೇಲಿನ ಪದರದ ನೀರಿನಲ್ಲೇ ಬದುಕಿದ್ದವು. ಹೊಲದ ಕೆಳಗಡೆ ಒಂದು ತಲಪರಿಗೆಯೂ ಇತ್ತು. ನೀರು ತಾನಾಗೇ ಉಕ್ಕಿ ಬರುವ ಜಾಗ. ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯವರಿಗೆ ಈ ಮಾತು ಗೊತ್ತಿರುತ್ತೆ. ಬೇಸಿಗೆಯಲ್ಲೂ ದನಕ್ಕೆ ಅಲ್ಲೇ ನೀರು ಕುಡಿಸುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ನಾನು ಅದನ್ನು ನೋಡಿದ್ದು ಒಣಗಿದ ಮೇಲೆ.

ನಾವು ಕೊರೆಸಿದ್ದು ಮೂರು ಬೋರ್. ಮೊದಲನೆಯದು 1998ರಲ್ಲಿ, 180 ಅಡಿ. 2012ರ ಹೊತ್ತಿಗೆ ಅದು ಬತ್ತಿತು. ಎರಡನೆಯದು 2009ರಲ್ಲಿ, 420 ಅಡಿ. ಈಗ ಓಡುತ್ತಿರುವುದು ಅದೇ. ಮೂರನೆಯದು 2017ರಲ್ಲಿ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದರು, 910 ಅಡಿ ಕೊರೆದೆವು, ಬರೀ ಧೂಳು ಹಾರಿತು. ಅವತ್ತು ರಾತ್ರಿ ಲಾರಿ ಹೋದ ಮೇಲೆ ಅಪ್ಪ ಆ ಧೂಳಿನ ಗುಡ್ಡೆಯ ಪಕ್ಕ ಕೂತಿದ್ದು ನನ್ನ ಕಣ್ಣ ಮುಂದೆ ಇನ್ನೂ ಇದೆ. ಇನ್ನು ಕೊರೆಸೋದು ಬೇಡ ಅಂತ ತೀರ್ಮಾನ ಮಾಡಿದ್ದು ಆಗಲೇ. ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮದೂ ಇತ್ತು.

ಮೊದಲ ಸಲ ಕಟ್ಟಿದ್ದು, ಏಪ್ರಿಲ್–ಮೇ 2022

ಇಂಗುಗುಂಡಿಯನ್ನು ಓಡುವ ಬೋರ್‌ನ ಸುತ್ತ ಮಾಡಲಿಲ್ಲ, ಬತ್ತಿದ ಮೊದಲನೇ ಬೋರ್‌ನ ಸುತ್ತ ಮಾಡಿದೆ. ಏನಾದರೂ ಎಡವಟ್ಟಾದರೆ ಮೋಟಾರ್ ಕೆಡೋದು ಬೇಡ ಅಂತ. ಎರಡೂ ಬೋರ್‌ಗಳ ನಡುವೆ ಸುಮಾರು 150 ಅಡಿ ದೂರ ಇದೆ.

ಹಳೇ ಬೋರ್ ಒಳಗೆ ಮುಚ್ಚಿದೆಯಾ ತೆರೆದಿದೆಯಾ ಅಂತ ಮೊದಲು ನೋಡಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ. 130 ಅಡಿಯಲ್ಲಿ ನಿಂತಿತು. ಕಂಪ್ರೆಸರ್ ತರಿಸಿ ಫ್ಲಶಿಂಗ್ (ಗಾಳಿ ಹೊಡೆದು ಒಳಗಿನ ಮಣ್ಣು ಹೊರಗೆ ಹಾರಿಸೋದು) ಮಾಡಿಸಿದ ಮೇಲೆ 176 ಅಡಿವರೆಗೆ ಹೋಯಿತು. ಆಮೇಲೆ 5,000 ಲೀಟರಿನ ಟ್ಯಾಂಕರ್ ತರಿಸಿ ನೀರನ್ನು ನಿಧಾನಕ್ಕೆ ಬೋರ್‌ನೊಳಗೆ ಬಿಟ್ಟೆವು. 40 ನಿಮಿಷದಲ್ಲಿ ಅಷ್ಟೂ ಕುಡಿಯಿತು. ಈ ಪರೀಕ್ಷೆಯನ್ನು ಯಾರೂ ಬಿಡಬಾರದು. ಒಳಗಿನ ಬಿರುಕು ಕುಡಿಯದಿದ್ದರೆ ಮೇಲೆ ಎಷ್ಟು ಚೆನ್ನಾಗಿ ಗುಂಡಿ ಕಟ್ಟಿದರೂ ದಂಡ. ಮಾರನೇ ದಿನ ಎರಡನೇ ಬೋರ್‌ನಲ್ಲಿ ನೀರು ಸುಮಾರು ಒಂದಡಿ ಮೇಲೆ ಇತ್ತು. ಒಂದೇ ಸಲದ ಅಳತೆ, ಪುರಾವೆ ಅನ್ನಲಾರೆ. ಆದರೂ ಖುಷಿಯಾಯಿತು.

ಗುಂಡಿಯ ಅಳತೆ 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಆಳ. ಜೆಸಿಬಿ ಐದು ಗಂಟೆ ಓಡಿತು. ಕೇಸಿಂಗ್ ಪೈಪಿಗೆ (ಮೇಲಿನ ಮಣ್ಣು ಕುಸಿಯದಂತೆ ಬೋರ್‌ನ ಮೇಲ್ಭಾಗಕ್ಕೆ ಇಳಿಸಿರುವ ಪೈಪು) ಜೆಸಿಬಿಯ ಬಕೆಟ್ ತಾಗಬಾರದು, ಅದಕ್ಕೇ ಪೈಪಿನ ಸುತ್ತಲಿನ ಎರಡಡಿ ಮಣ್ಣನ್ನು ಸನಿಕೆಯಲ್ಲೇ ಬಿಡಿಸಿದೆವು. ಹತ್ತಡಿ ಆಳದ ಗುಂಡಿಗೆ ಆಳು ಇಳಿಸುವಾಗ ಗೋಡೆ ನೆಟ್ಟಗೆ ಬಿಡಬೇಡಿ. ಕೆಂಪು ಮಣ್ಣು ಒಣಗಿದ್ದಾಗ ಗಟ್ಟಿಯಾಗೇ ಕಾಣುತ್ತೆ, ಕುಸಿಯುವಾಗ ಹೇಳದೆ ಕುಸಿಯುತ್ತೆ. ನಾವು ಎರಡು ಕಡೆ ಇಳಿಜಾರು ಬಿಟ್ಟುಕೊಂಡೆವು.

ನೀರು ಒಳಗೆ ಹೋಗಲು, ಗುಂಡಿಯೊಳಗೆ ಕಾಣುವ ಕಬ್ಬಿಣದ ಕೇಸಿಂಗ್‌ನ ಕೆಳಗಿನ ಆರಡಿಗೆ ಸಂದು ಮಾಡಬೇಕಿತ್ತು. ಬೇಗ ಆಗುತ್ತೆ ಅಂತ ಗ್ಯಾಸ್ ಕಟರ್‌ನಲ್ಲಿ ಉದ್ದಕ್ಕೆ ಸೀಳಿಸಿದೆ. ಅದರ ಮೇಲೆ ಎರಡು ಸುತ್ತು ನೈಲಾನ್ ಮೆಶ್ ಸುತ್ತಿ ತಂತಿಯಲ್ಲಿ ಬಿಗಿದೆವು. ಆಮೇಲೆ ಕೆಳಗಿನಿಂದ ದಪ್ಪ ಕಲ್ಲು ನಾಲ್ಕಡಿ, 40 ಎಂಎಂ ಜಲ್ಲಿ ಎರಡಡಿ, 20 ಎಂಎಂ ಜಲ್ಲಿ ಒಂದೂವರೆ ಅಡಿ, ಅದರ ಮೇಲೆ ಬಲೆ, ಬಲೆಯ ಮೇಲೆ ಒಂದಡಿ ಮರಳು. ಮೇಲೆ ಒಂದೂವರೆ ಅಡಿ ನೀರು ನಿಲ್ಲಲು ಖಾಲಿ ಜಾಗ.

ಇಷ್ಟು ದೊಡ್ಡ ಗುಂಡಿಯ ಪೂರ್ತಿ ಅಳತೆ ಸುಮಾರು 28,000 ಲೀಟರ್. ಕಲ್ಲು ತುಂಬಿದ ಮೇಲೆ ನೀರಿಗೆ ಉಳಿಯೋದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಹೆಚ್ಚೆಂದರೆ 11,000 ಲೀಟರ್. ಹಾಗಾಗಿ ಗುಂಡಿಯನ್ನು ತೊಟ್ಟಿ ಅಂದುಕೊಳ್ಳಬಾರದು. ಬಂದ ನೀರು ಬಂದ ಹಾಗೇ ಒಳಗೆ ಹೋಗುತ್ತಿರಬೇಕು.

ಮರಳಿನ ವಿಚಾರದಲ್ಲಿ ಒಂದು ಮಾತು. ಹೊಳೆ ಮರಳೇ ಒಳ್ಳೇದು, ಒಂದು ಲೋಡ್ ತರಿಸ್ತೀನಿ ಅಂತ ಮೇಸ್ತ್ರಿ ಹೇಳಿದರು. ನಾನು ಬೇಡ ಅಂದೆ. ಜಯಮಂಗಲಿ ಹೊಳೆ ನಮ್ಮ ಕಡೆಯದೇ. ಹೊಳೆಯಲ್ಲಿ ಮರಳಿದ್ದಷ್ಟು ದಿನ ಮಳೆ ನೀರು ಅದರಲ್ಲಿ ತಂಗಿ, ದಡದ ಬಾವಿಗಳಿಗೆ ಜಿನುಗುತ್ತಿತ್ತು. ಆ ಮರಳನ್ನೇ ಬಗೆದು ತಂದು ನಮ್ಮ ಬೋರ್ ತುಂಬಿಸೋದು ನನಗೆ ಒಪ್ಪಿಗೆ ಆಗಲಿಲ್ಲ. ಎಂ-ಸ್ಯಾಂಡ್ ತಂದೆವು. ಅದನ್ನು ತೊಳೆಯಲೇಬೇಕು. ಅದರಲ್ಲಿರುವ ಕಲ್ಲುಹಿಟ್ಟು ಹಾಗೇ ಒಳಗೆ ಹೋದರೆ ಸಿಮೆಂಟಿನ ಹಾಗೆ ಕೂತುಬಿಡುತ್ತೆ. ನಾಲ್ಕು ಸಲ ತೊಳೆದ ಮೇಲೆ ನೀರು ತಿಳಿಯಾಯಿತು.

ನೀರು ಎಲ್ಲಿಂದ? ಹೊಲದಿಂದ. ಮೇಲಿನ ಎರಡು ಎಕರೆಯ ನೀರು ಹರಿದು ಬರೋ ಕಡೆ ಕಾಲುವೆ ತೆಗೆದು ಗುಂಡಿಗೆ ತಿರುಗಿಸಿದೆ. ನಡುವೆ 3 ಅಡಿ ಚೌಕದ ಒಂದು ಹೂಳು ತೊಟ್ಟಿ. ಮುಗೀತು ಅಂದುಕೊಂಡೆ.

ಮಳೆ ಬಂತು

2022 ನಮ್ಮ ಕಡೆ ಜೋರು ಮಳೆಯ ವರ್ಷ. ಊರ ಕೆರೆ ಕೋಡಿ ಬಿತ್ತು. ಆಗಸ್ಟ್‌ನಲ್ಲಿ ಮೊದಲ ದೊಡ್ಡ ಮಳೆಗೆ ಗುಂಡಿ ತುಂಬಿತು, ಮಾರನೇ ದಿನ ಬೆಳಿಗ್ಗೆ ಖಾಲಿ. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಎರಡನೇ ಮಳೆ ಇಂಗಲು ಮೂರು ದಿನ ಬೇಕಾಯಿತು. ಅಕ್ಟೋಬರ್ ಹೊತ್ತಿಗೆ ಇಂಗೋದೇ ನಿಂತಿತು.

ನೀರನ್ನು ಪಂಪ್ ಹಾಕಿ ಹೊರಗೆ ಚೆಲ್ಲಿ ನೋಡಿದೆ. ಮರಳಿನ ಮೇಲೆ ಎರಡಿಂಚು ದಪ್ಪದ ಕೆಂಪು ಜೇಡಿ ಪದರ. ರೊಟ್ಟಿಯ ಹಾಗೆ ಎತ್ತಿ ತೆಗೆಯಬಹುದಿತ್ತು. ಹೂಳು ತೊಟ್ಟಿ ಎರಡನೇ ಮಳೆಗೇ ತುಂಬಿ, ಮುಂದಿನ ನೀರು ಅದನ್ನು ಮುಟ್ಟದೆ ಮೇಲೆಯೇ ಹಾದು ಹೋಗಿತ್ತು. ಇನ್ನೂ ಕೆಳಗೆ ಅಗೆದರೆ, ಗ್ಯಾಸ್ ಕಟರ್‌ನಲ್ಲಿ ಸೀಳಿದ ಕಬ್ಬಿಣದ ಚೂಪು ಅಂಚಿಗೆ ಮೆಶ್ ಮೂರು ಕಡೆ ಹರಿದಿತ್ತು. ಅಂದರೆ ಒಂದಷ್ಟು ಕೆಸರು ಸೋಸದೆ ನೇರ ಬೋರ್‌ನೊಳಗೇ ಹೋಗಿದೆ. ಎರಡನೇ ಬೋರ್‌ನಲ್ಲಿ ಕೆಂಪು ನೀರು ಬಂದದ್ದು ಅದಕ್ಕೇ. ಎರಡೂ ಬೋರ್‌ಗೆ ಒಳಗೊಳಗೇ ಸಂಬಂಧ ಇದೆ ಅನ್ನೋದಕ್ಕೆ ಈ ಸಲ ಪುರಾವೆ ಸಿಕ್ಕಿತು.

ನನಗೆ ನಿಜವಾಗಿ ಹೆದರಿಕೆ ಆದದ್ದು ಡಿಸೆಂಬರ್‌ನಲ್ಲಿ, ನೀರಿನ ಪರೀಕ್ಷೆಯ ವರದಿ ಬಂದಾಗ. ನೈಟ್ರೇಟ್ ಲೀಟರಿಗೆ 68 ಮಿಲಿಗ್ರಾಂ. ಕುಡಿಯುವ ನೀರಿಗೆ ಮಿತಿ 45. ಅದಕ್ಕಿಂತ ಕೆಟ್ಟದ್ದು, ನೀರಿಗೆ ಕೊಳೆ ಸೇರಿದ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆ ಅಂತ ಬಂತು. ಆ ಎರಡು ಎಕರೆಯ ಮೇಲ್ತುದಿಯಲ್ಲಿ ನಮ್ಮ ಕೊಟ್ಟಿಗೆ ಇದೆ, ಪಕ್ಕದಲ್ಲೇ ತಿಪ್ಪೆ. ಜೋರು ಮಳೆಯಲ್ಲಿ ಗಂಜಲ, ಗೊಬ್ಬರ, ಹೊಲಕ್ಕೆ ಹಾಕಿದ ಯೂರಿಯಾ ಎಲ್ಲ ತೊಳೆದುಕೊಂಡು ಕಾಲುವೆಗೆ ಬಂದಿದೆ. ಅದನ್ನು ನಾನೇ ದಾರಿ ಮಾಡಿಕೊಟ್ಟು ನೆಲದೊಳಗೆ ಇಳಿಸಿದ್ದೇನೆ. ಕುಡಿಯೋಕೆ ನಾವು ಊರಿನ ಶುದ್ಧ ನೀರಿನ ಘಟಕದ ನೀರು ತರುತ್ತೇವೆ ಅನ್ನೋದೊಂದೇ ಸಮಾಧಾನ. ಆದರೆ ದನಕ್ಕೆ, ಪಾತ್ರೆಗೆ, ಸ್ನಾನಕ್ಕೆ ಬೋರ್ ನೀರೇ. ಆ ಬಿರುಕುಗಳು ನಮ್ಮ ಬೇಲಿಯ ಹತ್ತಿರ ಬಂದು ನಿಲ್ಲೋದೂ ಇಲ್ಲ, ಅಲ್ವಾ?

ಅಪ್ಪನಿಗೆ ವರದಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಳೇ ಬಾವಿ ಸುತ್ತ ಎತ್ತರಕ್ಕೆ ಕಟ್ಟೆ ಯಾಕೆ ಕಟ್ತಿದ್ರು ಅಂದ್ಕೊಂಡಿದ್ದೀಯ?"

"ಯಾರೂ ಒಳಕ್ಕೆ ಬೀಳದೇ ಇರ್ಲಿ ಅಂತ ಅಲ್ವೇನಪ್ಪ?"

"ಅದೂ ಹೌದು. ಹೊಲದ್ ನೀರು ಬೀಳಬಾರದು ಅಂತಾನೂ ಹೌದು. ಮಳೆ ಬಂದಾಗ ನಿಮ್ಮ ತಾತ ಗುದ್ದಲಿ ಹಿಡ್ಕೊಂಡು ಮೊದಲು ಓಡ್ತಿದ್ದಿದ್ದೇ ಬಾವಿ ಹತ್ರಕ್ಕೆ. ನೀರನ್ನ ಆ ಕಡೆ ತಿರುಗ್ಸಾಕೆ."

ಕಾಲುವೆಯನ್ನು ಅವತ್ತೇ ಮುಚ್ಚಿದೆ. ಎರಡನೇ ಬೋರ್‌ಗೆ, ಆರೋಗ್ಯ ಇಲಾಖೆಯ ಒಬ್ಬರನ್ನು ಕೇಳಿಕೊಂಡು, ಬ್ಲೀಚಿಂಗ್ ಪುಡಿ ಹಾಕಿದೆ. ಅರ್ಧ ಕೆಜಿಯನ್ನು ಬಕೆಟ್ ನೀರಿನಲ್ಲಿ ಕರಗಿಸಿ, ಗಸಿ ಕೆಳಗೆ ಕೂತ ಮೇಲೆ ತಿಳಿ ನೀರನ್ನು ಮಾತ್ರ ಬೋರ್‌ಗೆ ಸುರಿದು, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ವಾಸನೆ ಹೋಗುವವರೆಗೆ ನೀರನ್ನು ಹೊರಗೆ ಬಿಟ್ಟೆ. ಆ ನೀರನ್ನು ಗಿಡಕ್ಕಾಗಲಿ ದನಕ್ಕಾಗಲಿ ಕೊಡಬಾರದು. ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿದಾಗ ಕೋಲಿಫಾರ್ಮ್ ಇರಲಿಲ್ಲ. ನೈಟ್ರೇಟ್ ಹಾಗೇ ಇತ್ತು. ಅದು ಬ್ಲೀಚಿಂಗ್‌ಗೆ ಹೋಗೋ ವಸ್ತು ಅಲ್ಲ.

ಮೂರು ಬಾಟಲಿ

ಸರಿ ಮಾಡೋದು ಹೇಗೆ ಅಂತ ಕೇಳಿದಾಗ ಎಲ್ಲರೂ ಹೇಳಿದ್ದು ಫಿಲ್ಟರ್ ವಿಷಯ. ಇದ್ದಿಲು ಹಾಕು, ಮರಳು ಎರಡಡಿ ಮಾಡು, ಹೂಳು ತೊಟ್ಟಿ ದೊಡ್ಡದು ಮಾಡು. ನಾನು ಖರ್ಚು ಮಾಡೋದಕ್ಕೆ ಮೊದಲು ಮೂರು ಪ್ಲಾಸ್ಟಿಕ್ ಬಾಟಲಿ ತಗೊಂಡೆ. ಡಿಸೆಂಬರ್‌ನಲ್ಲಿ ಬಂದ ಒಂದು ಮಳೆಯಲ್ಲಿ ಒಂದಕ್ಕೆ ಹೊಲದ ಕಾಲುವೆಯ ನೀರು, ಒಂದಕ್ಕೆ ರಸ್ತೆ ಪಕ್ಕದ ಚರಂಡಿ ನೀರು, ಒಂದಕ್ಕೆ ಹೊಲದ ಮೇಲಿನ ಹಾಸುಬಂಡೆಯಿಂದ ಇಳಿಯುವ ನೀರು ಹಿಡಿದು ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಇಟ್ಟೆ.

ಬಂಡೆಯ ನೀರು ಹತ್ತು ನಿಮಿಷದಲ್ಲಿ ತಿಳಿಯಾಯಿತು. ತಳದಲ್ಲಿ ಒಂದು ಚಿಟಿಕೆ ಮರಳು, ಅಷ್ಟೆ. ಹೊಲದ ನೀರು ಮಾರನೇ ದಿನ ಅದೇ ಹೊತ್ತಿಗೂ ಟೀ ಬಣ್ಣದಲ್ಲೇ ಇತ್ತು. ಕೆಂಪು ಮಣ್ಣಿನ ಜೇಡಿಕಣ ಅಷ್ಟು ಸಣ್ಣದು. ಅದು ತಳಕ್ಕೆ ಕೂರಬೇಕಾದರೆ ನೀರು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಅಲುಗಾಡದೆ ನಿಲ್ಲಬೇಕು. ಮಳೆ ಸುರಿಯುವಾಗ ಹರಿಯೋ ನೀರಿಗೆ ಅಷ್ಟು ಹೊತ್ತು ಕೊಡಬೇಕಾದರೆ ಹೂಳು ತೊಟ್ಟಿ ಕುಂಟೆಯಷ್ಟು ದೊಡ್ಡದಿರಬೇಕು. ಸಣ್ಣ ತೊಟ್ಟಿ ಮರಳನ್ನು ತಡೆಯುತ್ತೆ, ಜೇಡಿಯನ್ನು ತಡೆಯಲ್ಲ. ಎರಡಡಿ ಮರಳು ಹಾಕಿದರೂ ಆ ಜೇಡಿ ಮೇಲೆ ಪದರ ಕಟ್ಟುತ್ತೆ, ಎರಡಡಿ ಪೂರ್ತಿ ತೆಗೆದು ತೊಳೆಯೋ ಕೆಲಸ ಬೇರೆ. ಕರಗಿದ ಯೂರಿಯಾವನ್ನಂತೂ ಮರಳೂ ತಡೆಯಲ್ಲ, ಜಲ್ಲಿಯೂ ತಡೆಯಲ್ಲ.

ನಾನು ಬದಲಾಯಿಸಬೇಕಾದದ್ದು ಫಿಲ್ಟರನ್ನಲ್ಲ, ನೀರನ್ನು. ಆ ಮೂರು ಬಾಟಲಿ ನೋಡಿದ ಮೇಲೆ ಇದು ಖಚಿತವಾಯಿತು. ಆ ಹಾಸುಬಂಡೆಯ ಮೇಲೆ ನಾವು ಹುಟ್ಟಿದಾಗಿನಿಂದ ಹುರುಳಿ, ರಾಗಿ ಒಣಗಿಸಿದ್ದೇವೆ. ಮಳೆ ಬಂದಾಗ ಅದರಿಂದ ನೀರು ಹಾಳೆಯ ಹಾಗೆ ಜಾರೋದನ್ನೂ ನೋಡಿದ್ದೇವೆ.

ಎರಡನೇ ಸಲ, ಫೆಬ್ರವರಿ–ಏಪ್ರಿಲ್ 2023

ಬಂಡೆ ನಮ್ಮ ಪಾಲಿಗೆ 15 ಗುಂಟೆ, ಸುಮಾರು 1,500 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 20 ಮಿಲಿಮೀಟರ್ ಮಳೆಗೆ 30,000 ಲೀಟರ್. ಬಂಡೆ ಹೀರೋದು, ಗುಳಿಗಳಲ್ಲಿ ನಿಲ್ಲೋದು ಎಲ್ಲ ಕಳೆದರೂ 22,000 ಲೀಟರ್ ಕೈಗೆ ಸಿಗುತ್ತೆ. ಗುಂಡಿಗೆ ಅದೇ ಬೇಕಾದಷ್ಟು.

ಬಂಡೆಯ ಇಳಿಜಾರಿನ ಅಡ್ಡಕ್ಕೆ ಒಂದಡಿ ಎತ್ತರದ ಕಲ್ಲು–ಸಿಮೆಂಟಿನ ತಡೆ ಕಟ್ಟಿದೆವು. 70 ಅಡಿ ಉದ್ದ. ಬಂಡೆಗೆ ಸಿಮೆಂಟ್ ಹಾಗೇ ಹಾಕಿದರೆ ಹಿಡಿಯಲ್ಲ. ಪಾಚಿಯನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಉಳಿಯಲ್ಲಿ ಗೀಚು ಹಾಕಿ, ಒದ್ದೆ ಮಾಡಿ, ಸಿಮೆಂಟ್ ಹಾಲು ಬಳಿದು ಆಮೇಲೆ ಕಟ್ಟಬೇಕು. ಮೇಸ್ತ್ರಿ ಇದನ್ನು ಬಹಳ ಶ್ರದ್ಧೆಯಿಂದ ಮಾಡಿದರು. ಎರಡು ವರ್ಷ ಕಳೆದರೂ ಒಂದು ಕಡೆ ಮಾತ್ರ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ತಡೆಯ ತುದಿಯಿಂದ ಗುಂಡಿಗೆ 6 ಇಂಚಿನ ಪಿವಿಸಿ ಪೈಪು, ನೆಲದೊಳಗೆ. ತೆರೆದ ಕಾಲುವೆ ಬೇಡ ಅಂದೆ. ದಾರಿಯಲ್ಲಿ ಹೊಲದ ನೀರು ಸೇರಿಕೊಂಡರೆ ಮಾಡಿದ್ದೆಲ್ಲ ವ್ಯರ್ಥ.

ಪೈಪಿನ ಬಾಯಲ್ಲಿ ಒಂದು ಮುಚ್ಚಳ ಇದೆ, ಪಕ್ಕದಲ್ಲಿ ಹೊರಕ್ಕೆ ಹೋಗೋ ದಾರಿ ಇದೆ. ವರ್ಷದ ಮೊದಲ ಎರಡು ಮಳೆಯನ್ನು ಹೊರಕ್ಕೇ ಬಿಡುತ್ತೇನೆ. ಆರು ತಿಂಗಳ ಧೂಳು, ಹಕ್ಕಿ ಹಿಕ್ಕೆ, ಆಡಿನ ಹಿಕ್ಕೆ ಎಲ್ಲ ಅದರಲ್ಲಿ ಹೋಗುತ್ತೆ. ಬಂಡೆಯ ಮೇಲೆ ಈಗ ಆಡು ಬಿಡೋದಿಲ್ಲ. ಸುತ್ತ ಕತ್ತಾಳೆ ನೆಟ್ಟಿದ್ದೇವೆ.

ಹೂಳು ತೊಟ್ಟಿ ಈಗ ಎರಡು. ಒಂದೊಂದೂ 6 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಆಳ. ನಡುವಿನ ಗೋಡೆಯ ಮೇಲಿನಿಂದ ನೀರು ಉಕ್ಕಿ ದಾಟಬೇಕು.

ಗುಂಡಿಯೊಳಗಿನ ಕಲ್ಲು, ಜಲ್ಲಿ ಪೂರ್ತಿ ತೆಗೆದು ತೊಳೆದದ್ದು ಈ ಇಡೀ ಕೆಲಸದಲ್ಲಿ ಕಷ್ಟದ ಭಾಗ. ನಾಲ್ಕು ಜನ, ಒಂಬತ್ತು ದಿನ. ಕೇಸಿಂಗ್‌ನ ಹಳೇ ಸೀಳುಗಳ ಅಂಚನ್ನು ಗ್ರೈಂಡರ್‌ನಲ್ಲಿ ಉಜ್ಜಿಸಿದೆ. ಅದರ ಮೇಲೆ ಮೆಶ್ ನೇರ ಸುತ್ತಲಿಲ್ಲ. 200 ಎಂಎಂ ಪಿವಿಸಿ ಪೈಪಿನ ಏಳಡಿ ತುಂಡಿಗೆ ಎರಡು ಇಂಚಿಗೆ ಒಂದರಂತೆ ಡ್ರಿಲ್‌ನಲ್ಲಿ ತೂತು ಹೊಡೆದು, ಕೇಸಿಂಗ್ ಮೇಲಿನಿಂದ ತೊಡಿಸಿ ಇಳಿಸಿದೆ. ಮೆಶ್ ಸುತ್ತಿದ್ದು ಆ ಪಿವಿಸಿಯ ಮೇಲೆ, ಮೂರು ಸುತ್ತು. ತಂತಿ ಬದಲು ನೈಲಾನ್ ಹಗ್ಗ. ತಂತಿ ತುಕ್ಕು ಹಿಡಿದು ಬಿಟ್ಟುಕೊಂಡಿದ್ದನ್ನು ಕಣ್ಣಾರೆ ನೋಡಿದ್ದೆ. ಮರಳಿನ ಕೆಳಗೆ ಅರ್ಧ ಅಡಿ 6 ಎಂಎಂ ಬೇಬಿ ಜಲ್ಲಿ ಹೊಸದಾಗಿ ಸೇರಿಸಿದೆ.

ಕೇಸಿಂಗ್‌ನ ಬಾಯಿಗೆ ದಪ್ಪ ಮುಚ್ಚಳ ಬೆಸುಗೆ ಹಾಕಿಸಿ, ಅದರಲ್ಲಿ ಒಂದಿಂಚಿನ ಗಾಳಿ ಕೊಳವೆ ಇಟ್ಟೆ, ಬಾಯಿ ಕೆಳಮುಖ, ಬಾಯಿಗೆ ಜಾಲರಿ. ನೀರು ಒಳಗೆ ಹೋಗುವಾಗ ಒಳಗಿನ ಗಾಳಿ ಹೊರಗೆ ಬರಬೇಕು, ಇಲ್ಲದಿದ್ದರೆ ನೀರು ತಡವರಿಸುತ್ತೆ. ಅದೇ ದಿನ ಧೂಳು ಹಾರಿದ ಮೂರನೇ ಬೋರ್‌ಗೂ ಮುಚ್ಚಳ ಬೆಸುಗೆ ಹಾಕಿಸಿದೆ. ಐದು ವರ್ಷ ಅದರ ಮೇಲೆ ಬರೀ ಕಲ್ಲು ಚಪ್ಪಡಿ ಇತ್ತು. ತೆರೆದ ಬೋರ್‌ಗಳ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲೇ ನಿಯಮ ಹೇಳಿದೆ. ಆದರೂ 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಸುಮಾರು ಎರಡು ವರ್ಷದ ಮಗು ಬೋರ್‌ಗೆ ಬಿತ್ತು. ಆ ಮಗು ಬದುಕಿ ಬಂತು. ಎಲ್ಲ ಮಕ್ಕಳೂ ಹಾಗೆ ಬಂದಿಲ್ಲ. ನಿಮ್ಮ ಹೊಲದಲ್ಲಿ ಬತ್ತಿದ ಬೋರ್ ಇದ್ದರೆ ಇಂಗುಗುಂಡಿ ಆಮೇಲೆ ಮಾಡಿ, ಮುಚ್ಚಳ ಇವತ್ತೇ ಹಾಕಿ.

ಹೊಲದ ನೀರನ್ನು ಏನು ಮಾಡಿದೆ? ಅದಕ್ಕೆ ಬೋರ್ ಬೇಡ, ಮಣ್ಣೇ ಸಾಕು. ಇಳಿಜಾರಿಗೆ ಅಡ್ಡವಾಗಿ ಬದು ಏರಿಸಿ, ಬದುವಿನ ಮೇಲ್ಬದಿಗೆ ಎರಡಡಿ ಅಗಲ, ಎರಡಡಿ ಆಳದ ಕಂದಕ ತೆಗೆದೆ. ನೀರು ಅಲ್ಲೇ ನಿಂತು ನಿಧಾನಕ್ಕೆ ಇಳಿಯುತ್ತೆ. ಬೋರ್‌ಗೆ ಸೇರುವಷ್ಟರಲ್ಲಿ ಹತ್ತಾರು ಅಡಿ ಮಣ್ಣು ಅದರ ಕೆಸರನ್ನು ಸೋಸಿರುತ್ತೆ. ತಿಪ್ಪೆಯನ್ನು ಕೊಟ್ಟಿಗೆಯ ಆ ಕಡೆಗೆ ಸಾಗಿಸಿದ್ದಾಯಿತು. ಎರಡನೇ ಸಲದ ಒಟ್ಟು ಖರ್ಚು 31 ಸಾವಿರ, ಮನೆಯವರ ದುಡಿಮೆ ಬಿಟ್ಟು.

ಅಳತೆ ಮಾಡೋ ತಂತಿ

ಬೋರ್‌ನಲ್ಲಿ ನೀರು ಎಷ್ಟಡಿಯಲ್ಲಿದೆ ಅಂತ ಗೊತ್ತಿಲ್ಲದೆ ಮರುಪೂರಣದ ಬಗ್ಗೆ ಮಾತಾಡೋದು ಬರೀ ಅಂದಾಜು. ನಾನು ಮಾಡಿಕೊಂಡಿರೋದು ತುಂಬಾ ಸರಳ. 330 ಅಡಿ ಎರಡೆಳೆ ವೈರ್. ತುದಿಯಲ್ಲಿ ಎರಡೂ ಎಳೆಯನ್ನು ಅರ್ಧ ಇಂಚು ಸುಲಿದು, ಒಂದಕ್ಕೊಂದು ತಾಗದ ಹಾಗೆ ಬಿಡಿಸಿ, ಜೊತೆಗೆ ಒಂದು ಬೋಲ್ಟ್ ತೂಕಕ್ಕೆ. ಐದಡಿಗೊಂದು ಬಣ್ಣದ ಟೇಪ್. ಮೇಲಿನ ತುದಿಗೆ ಮಲ್ಟಿಮೀಟರ್. ಬೀಪ್ ಬರೋ ಕಡೆ ಇಟ್ಟರೆ ಕೆಲಸ ಆಗಲ್ಲ, ನೀರು ಅಷ್ಟು ಚೆನ್ನಾಗಿ ಕರೆಂಟ್ ಹರಿಸಲ್ಲ. ಕಿಲೋ ಓಮ್‌ಗೆ ಇಟ್ಟು, ಅಂಕಿ ದಿಢೀರ್ ಅಂತ ಬೀಳೋ ಜಾಗ ನೋಡಬೇಕು. ಮೋಟಾರ್ ಇರುವ ಬೋರ್‌ನಲ್ಲಿ ವೈರ್ ಕೇಬಲ್‌ಗೆ ಸುತ್ತಿಕೊಳ್ಳುತ್ತೆ. ಮೋಟಾರ್ ಇಳಿಸುವಾಗಲೇ ಪಕ್ಕದಲ್ಲಿ ಮುಕ್ಕಾಲಿಂಚಿನ ಪೈಪ್ ಇಳಿಸಿಟ್ಟರೆ ಒಳ್ಳೇದು. ಫ್ಯೂಸ್ ತೆಗೆದು, ಬೆಳಿಗ್ಗೆ ಆರಕ್ಕೆ, ಮೋಟಾರ್ ರಾತ್ರಿಯೆಲ್ಲ ನಿಂತಿದ್ದಾಗ ಅಳೆಯುತ್ತೇನೆ.

ನಮ್ಮದೊಂದನ್ನೇ ಅಳೆದರೆ ಏನೂ ತಿಳಿಯಲ್ಲ. ಅರ್ಧ ಕಿಲೋಮೀಟರ್ ಆಚೆ ಒಬ್ಬ ಅಣ್ಣನ ಬೋರ್ ಇದೆ, ಅದಕ್ಕೆ ಇಂಗುಗುಂಡಿ ಇಲ್ಲ. ಅವರನ್ನು ಕೇಳಿಕೊಂಡು ಅದನ್ನೂ ಅಳೆಯುತ್ತಾ ಬಂದೆ.

ಮೇ 2022ರಲ್ಲಿ ನಮ್ಮ ನೀರು 248 ಅಡಿಯಲ್ಲಿತ್ತು, ಅವರದ್ದು 270. ಆ ಜೋರು ಮಳೆಯ ನಂತರ ನವೆಂಬರ್‌ನಲ್ಲಿ ನಮ್ಮದು 96, ಅವರದ್ದು 115. ಗುಂಡಿ ಇದ್ದ ನಮ್ಮದು 152 ಅಡಿ ಏರಿದರೆ, ಗುಂಡಿ ಇಲ್ಲದ ಅವರದ್ದು 155 ಏರಿತ್ತು. ತುಂಬಿದ ಕೆರೆ, ಸುರಿದ ಮಳೆ ಮಾಡಿದ ಕೆಲಸ ಅದು. ಅವತ್ತು ನಮ್ಮ ಬೋರ್ ಒಂದನ್ನೇ ನೋಡಿದ್ದರೆ ನಾನು ಎಲ್ಲರಿಗೂ ನಮ್ಮ ಗುಂಡಿಯಿಂದಲೇ ಆಯ್ತು ಅಂತ ಹೇಳಿಕೊಂಡು ಬರುತ್ತಿದ್ದೆ.

2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಹೊಸದಾಗಿ ಕಟ್ಟಿದ ಗುಂಡಿಗೆ ಆ ವರ್ಷ ಬಂಡೆಯಿಂದ ನೀರು ಹರಿದದ್ದು ಏಳೇ ಸಲ. ಏಳು ಸಲವೂ ಐದಾರು ಗಂಟೆಯೊಳಗೆ ಪೂರ್ತಿ ಇಂಗಿತು. ಅಷ್ಟರ ಮಟ್ಟಿಗೆ ದುರಸ್ತಿ ಗೆದ್ದಿತು.

ಆ ಬರದ ವರ್ಷದಲ್ಲೇ ನಾನು ಒಂದು ಲೆಕ್ಕ ಹಾಕಿದ್ದು. ಬಂಡೆಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ 9 ಲಕ್ಷ ಲೀಟರ್. ಸಣ್ಣ ಮಳೆ ಹರಿಯಲ್ಲ, ಮೊದಲ ಎರಡು ಮಳೆ ಬಿಟ್ಟುಬಿಡುತ್ತೇನೆ. ಗುಂಡಿಗೆ ಸೇರೋದು ಸುಮಾರು 6 ಲಕ್ಷ. ಕೇಳೋಕೆ ದೊಡ್ಡ ಅಂಕಿ. ಈ ಕಡೆ ನಮ್ಮ ಮೋಟಾರ್ 200 ಲೀಟರಿನ ಡ್ರಮ್ಮನ್ನು 2 ನಿಮಿಷ 40 ಸೆಕೆಂಡಿನಲ್ಲಿ ತುಂಬಿಸುತ್ತೆ. ಗಂಟೆಗೆ 4,500 ಲೀಟರ್. ತ್ರೀ ಫೇಸ್ ಕರೆಂಟ್ ಇದ್ದ ಏಳು ಗಂಟೆಯೂ ಓಡಿದರೆ ದಿನಕ್ಕೆ 31,500 ಲೀಟರ್. ಅಂದರೆ ಒಂದು ಇಡೀ ವರ್ಷ ಬಂಡೆ ಕೊಡೋ ನೀರನ್ನು ನಾವು 19 ದಿನದಲ್ಲಿ ಮೇಲೆತ್ತಿಬಿಡುತ್ತೇವೆ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಮೋಟಾರಿಗೆ ಆಟೋ ಸ್ಟಾರ್ಟರ್ ಇತ್ತು. ಕರೆಂಟ್ ಬಂದ ತಕ್ಷಣ ತಾನೇ ಶುರುವಾಗಿ, ಹೋಗುವವರೆಗೆ ಓಡುತ್ತೆ. ನಮ್ಮ ಕಡೆ ಬಹಳ ಜನರದ್ದು ಹೀಗೇ. ರಾತ್ರಿ ಕರೆಂಟ್ ಬಂದರೆ ಎದ್ದು ಹೋಗೋದು ಯಾರು, ಕತ್ತಲಲ್ಲಿ ಹಾವು–ಹುಳದ ಭಯ ಬೇರೆ. ಹತ್ತು ಎಚ್‌ಪಿವರೆಗೆ ಕರೆಂಟ್ ಉಚಿತ, ಹಾಗಾಗಿ ಬಿಲ್ಲಿನಲ್ಲೂ ಏನೂ ಕಾಣಲ್ಲ. ತೆಂಗಿನ ಬುಡದಲ್ಲಿ ನೀರು ನಿಂತು ಕೆಸರಾದರೂ ಮೋಟಾರ್ ಓಡುತ್ತಲೇ ಇರುತ್ತೆ. ಆ ಸ್ಟಾರ್ಟರ್‌ಗೆ ಒಂದು ಟೈಮರ್ ಜೋಡಿಸಿದೆ. ಮೂರು ಗಂಟೆ ಓಡಿದ ಮೇಲೆ ತಾನೇ ನಿಲ್ಲುತ್ತೆ. ಡ್ರಿಪ್ ಮೊದಲೇ ಇತ್ತು, ಕಟ್ಟಿಕೊಂಡಿದ್ದ ತೂತುಗಳನ್ನು ಬಿಡಿಸಿ, ತೆಂಗಿನ ಬುಡಕ್ಕೆ ಗರಿ, ಸಿಪ್ಪೆ ಹೊದಿಸಿದೆ. ಸಾಕಾಯಿತು. ಇಳುವರಿಯಲ್ಲಿ ವ್ಯತ್ಯಾಸ ನನಗೆ ಕಾಣಲಿಲ್ಲ. ದಿನಕ್ಕೆ ನಾಲ್ಕು ಗಂಟೆ ಕಡಿಮೆ ಅಂದರೆ 18,000 ಲೀಟರ್ ಉಳಿತಾಯ. ಬಂಡೆ ವರ್ಷವಿಡೀ ಕೊಡೋದನ್ನು ಟೈಮರ್ 33 ದಿನದಲ್ಲಿ ಉಳಿಸುತ್ತೆ.

ಅಳತೆಯಲ್ಲೂ ಅದು ಕಂಡಿತು. ನವೆಂಬರ್ 2023ರಲ್ಲಿ ನಮ್ಮದು 188 ಅಡಿ, ಅಣ್ಣನದ್ದು 214. ಮೇ 2024ಕ್ಕೆ ನಮ್ಮದು 241, ಅವರದ್ದು 289. ಆ ಕಡುಬೇಸಿಗೆಯಲ್ಲಿ ನಮ್ಮ ನೀರು 53 ಅಡಿ ಇಳಿದರೆ ಅವರದ್ದು 75 ಅಡಿ. 2024ರ ಮಳೆಯ ನಂತರ ನವೆಂಬರ್‌ನಲ್ಲಿ ನಮ್ಮದು 152, ಅವರದ್ದು 198. ಏರಿದ್ದು ಇಬ್ಬರದ್ದೂ ಹೆಚ್ಚುಕಡಿಮೆ ಒಂದೇ, 89 ಮತ್ತು 91. ಇಳಿಯೋದರಲ್ಲಿ ಮಾತ್ರ ವ್ಯತ್ಯಾಸ ಬಿದ್ದಿದೆ. ಗುಂಡಿಗೆ ಇದರಲ್ಲಿ ಎಷ್ಟು ಪಾಲು, ಟೈಮರ್‌ಗೆ ಎಷ್ಟು ಅಂತ ಬಿಡಿಸಿ ಹೇಳಲು ನನ್ನ ಅಳತೆ ಸಾಲದು. ಲೆಕ್ಕದ ಪ್ರಕಾರ ಟೈಮರ್‌ದೇ ದೊಡ್ಡ ಪಾಲು.

ಹಾಗಂತ ಗುಂಡಿಯನ್ನು ಬಿಟ್ಟಿಲ್ಲ. ಡಿಸೆಂಬರ್ 2024ರ ವರದಿಯಲ್ಲಿ ನೈಟ್ರೇಟ್ 51ಕ್ಕೆ ಇಳಿದಿದೆ. ಮಿತಿಗಿಂತ ಇನ್ನೂ ಜಾಸ್ತಿಯೇ. ಎರಡು ವರ್ಷಕ್ಕೆ ಇಷ್ಟು. ಒಂದು ಮಳೆಗಾಲದಲ್ಲಿ ಹೋದ ಕೊಳೆ ಎಷ್ಟು ನಿಧಾನಕ್ಕೆ ಹೊರಗೆ ಬರುತ್ತೆ ನೋಡಿ.

2025ರ ಏಪ್ರಿಲ್‌ನಲ್ಲಿ ಹೂಳು ತೊಟ್ಟಿಗಳನ್ನು ಬಳಿದೆವು. ಮೊದಲನೆಯದರಲ್ಲಿ ಏಳು ಬಾಂಡ್ಲಿ, ಎರಡನೆಯದರಲ್ಲಿ ಒಂದೂವರೆ. ಎಲ್ಲ ಮರಳು, ಒಣ ಎಲೆ. ತೆಂಗಿನ ಬುಡಕ್ಕೆ ಹಾಕಿದೆವು. ಗುಂಡಿಯ ಮೇಲಿನ ಮರಳಿನಲ್ಲಿ ಎರಡಿಂಚು ಕೆರೆದು ತೊಳೆದು ವಾಪಸ್ ಹಾಕಿದೆ. ಬಂಡೆಯ ತಡೆಯ ಆ ಸಣ್ಣ ಬಿರುಕಿಗೆ ಸಿಮೆಂಟ್ ಮೆತ್ತಿದ್ದಾಯಿತು. ಒಂದು ದಿನದ ಕೆಲಸ.

ಆವತ್ತು ಸಂಜೆ ಆ ಅಣ್ಣ ಬಂದಿದ್ದರು. ಅವರ ಬೋರ್‌ನ ಅಳತೆಗಳನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರೋದನ್ನು ತೋರಿಸಿದೆ. ಪುಟದ ಮೇಲೆ ಬೆರಳಿಟ್ಟು 289ನ್ನು ಎರಡು ಸಲ ಓದಿದರು. ಗುಂಡಿಯ ಬಗ್ಗೆ ಏನೂ ಕೇಳಲಿಲ್ಲ.

"ಆ ಟೈಮರ್ ಎಲ್ಲಿ ತಂದೆ, ಎಷ್ಟಾಯ್ತು?" ಅಂದರು.

ಮಾರನೇ ದಿನ ತುಮಕೂರಿಗೆ ಹೋಗಿದ್ದಾಗ ಅವರಿಗೂ ಒಂದು ತಂದು ಜೋಡಿಸಿಕೊಟ್ಟೆ. ಮೂರು ಗಂಟೆ ಬೇಡ, ನಾಲ್ಕಕ್ಕೆ ಇಡು ಅಂದರು. ನಾಲ್ಕಕ್ಕೇ ಇಟ್ಟಿದ್ದೇನೆ. ಮೇ ಕೊನೆಗೆ ಎರಡೂ ಬೋರ್ ಅಳೆಯಬೇಕು.